ದೊರೆಯ ಮುದ್ದೆಯೊಳಗಿನ ಬೆಣ್ಣೆ

೧೯೩೮ರಲ್ಲಿ ನಾನು ಮಳವಳ್ಳಿಯ ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರು. ಮೀಸೆಗಿಂತ ಸ್ಟೆತಾಸ್ಕೋಪೇ ದಪ್ಪವಾಗಿದ್ದ ವಯಸ್ಸು. ಹಿರಿಯ ಡಾಕ್ಟರ ಕೆಮ್ಮು, ನರ್ಸಮ್ಮನ ನಡಿಗೆ ಎಲ್ಲವನ್ನೂ ಅಣಕಿಸುತ್ತಿದ್ದೆ. ನನ್ನನ್ನೇ ಅಣಕಿಸಿಕೊಂಡಾಗ ಜನ ಇನ್ನೂ ಹೆಚ್ಚು ನಗುತ್ತಿದ್ದರು. ಸರಕು ಅಲ್ಲೇ ಜಾಸ್ತಿಯಿತ್ತು.

ಆ ವರ್ಷ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಯಂತ್ರ ಕೂರಿಸಲು ಬಂದಿದ್ದ ಸ್ಕಾಟ್ಲೆಂಡಿನ ಇಂಜಿನಿಯರ್ ದೊರೆಗೆ ಏರು ಹತ್ತಿದರೆ ಎದೆ ಹಿಂಡುವ ನೋವು. ಇದಕ್ಕೆ ಆಂಜೈನಾ ಎನ್ನುತ್ತೇವೆ: ಹೃದಯಕ್ಕೇ ರಕ್ತ ಕೊಡುವ ನಾಳ ಕಿರಿದಾಗಿ, ಕೆಲಸ ಹೆಚ್ಚಾದೊಡನೆ ಹೃದಯ ಗೋಳಿಡುತ್ತದೆ.

“ನಮ್ಮಪ್ಪ, ನಮ್ಮಣ್ಣ ಇಬ್ಬರೂ ಎದೆ ಹಿಡಿದುಕೊಂಡೇ ಹೋದರು. ನಿಮ್ಮವರಿಗೇಕೆ ಇದು ಬರುವುದಿಲ್ಲ?” ಎಂದು ದೊರೆ ಕೇಳಿದರು.

“ಮಲೇರಿಯಾ, ಕಾಲರಾ ನಮ್ಮವರನ್ನು ಆ ವಯಸ್ಸಿಗೆ ಬಿಟ್ಟರೆ ತಾನೇ?” ಎಂದೆ. ಆದರೂ ಪ್ರಶ್ನೆ ಕೊರೆಯಿತು. ನಾನು ಕಂಡಿದ್ದ ಒಬ್ಬಿಬ್ಬರು ಎದೆನೋವಿನವರು ತುಪ್ಪದಲ್ಲಿ ಕೈತೊಳೆಯುವ ಸಾಹುಕಾರರು. ಮುದ್ದೆ, ಸೊಪ್ಪಿನ ಸಾರು ಉಣ್ಣುವ ಮುದುಕರು ಇನ್ನೂ ಗದ್ದೆಯಲ್ಲಿದ್ದರು. ದೊರೆಯ ತಟ್ಟೆಯಲ್ಲೋ ಬೆಳಗಾದರೆ ಹಂದಿಮಾಂಸ, ಮೊಟ್ಟೆ, ಬೆಣ್ಣೆ. ವೈದ್ಯಶಾಸ್ತ್ರ ಆಗಿನ್ನೂ ಗಟ್ಟಿಯಾಗಿ ಏನೂ ಹೇಳಿರಲಿಲ್ಲ. ಊಹೆಯ ಮೇಲೆ ವಿಶ್ರಾಂತಿಯ ಜೊತೆಗೆ ಮುದ್ದೆಯ ಪಥ್ಯ ಹೇಳಿದೆ. ಮೊದಲ ದಿನ ದೊರೆ ಅದನ್ನು ಅಗಿದು ದವಡೆ ಅಂಟಿಸಿಕೊಂಡರು. ಆಮೇಲೆ ನುಂಗುವುದನ್ನು ಕಲಿತರು.

ತಿಂಗಳಾದರೂ ನೋವು ಇಳಿಯಲಿಲ್ಲ, ಏರಿತು. ಹೀಗೇ ಹೋದರೆ ಅಪ್ಪ, ಅಣ್ಣನ ದಾರಿಯೇ. ಪಥ್ಯ ಸರಿಯಾಗಿ ನಡೆಯುತ್ತಿದೆಯೇ ನೋಡಲು ಊಟದ ಹೊತ್ತಿಗೆ ದೊರೆಯ ಬಂಗಲೆಯ ಅಡುಗೆಮನೆಗೇ ನುಗ್ಗಿದೆ. ಅಡುಗೆಯ ಕೆಂಪಮ್ಮ ಮುದ್ದೆಗೆ ಗುಳಿ ಮಾಡಿ, ನಿಂಬೆಗಾತ್ರದ ಬೆಣ್ಣೆಯಿಟ್ಟು ಮುಚ್ಚುತ್ತಿದ್ದಳು. ದೊರೆಯೋ ಪಾಪ, ಮುದ್ದೆಯೆಂದರೆ ಹೀಗೇ ಎಂದುಕೊಂಡಿದ್ದರು.

“ಇದೇನು ಕೆಂಪಮ್ಮ?”

“ಮತ್ತೆ? ಕಡಲ್ ದಾಟಿ ಬಂದೋರ್ಗೆ ಬರೀ ಮುದ್ದೆ ಇಕ್ಕಕ್ಕಾಯ್ತದಾ? ನಿಮ್ ಪಥ್ಯವ ಆಸ್ಪತ್ರೇಲೇ ಮಡೀಕಳಿ ಡಾಕ್ಟ್ರಪ್ಪ!”

ರಕ್ತನಾಳದ ವಿಷಯ ಗಂಟಲೊಣಗುವಂತೆ ವಿವರಿಸಿದೆ. ಅವಳು ಇನ್ನೊಂದು ಮುದ್ದೆ ಕಟ್ಟಿದಳು. ಕೊನೆಗೆ ನನಗೆ ನಿಜವಾಗಿ ಬರುತ್ತಿದ್ದ ವಿದ್ಯೆಯನ್ನೇ ತೆಗೆದೆ. ದೊರೆ ಏರು ಹತ್ತುವುದನ್ನು ಅಣಕಿಸಿದೆ: ಎದೆಯುಬ್ಬಿಸಿದ ನಡಿಗೆ, ಕಂಕುಳಲ್ಲಿ ಟೋಪಿ. ಕೆಂಪಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು. ಆಮೇಲೆ ಅವರಂತೆಯೇ ಥಟ್ಟನೆ ನಿಂತು, ಮುಷ್ಟಿಯಿಂದ ಎದೆಯೊತ್ತಿ, ಗೋಡೆ ಹಿಡಿದು ಕುಸಿದೆ.

ನಗು ನಿಂತಿತು. “ಇಂಗಾಯ್ತದಾ ಅವ್ರಿಗೆ? ನಂಗ್ಯಾರೂ ಯೋಳ್ನೇ ಇಲ್ವಲ್ಲ!” ಬೆಣ್ಣೆ ಗಡಿಗೆಗೆ ವಾಪಸಾಯಿತು.

ಬರಬರುತ್ತ ದೊರೆಯ ಕೋಟು ಸಡಿಲವಾಯಿತು. ನಿಧಾನವಾಗಿ ಏರನ್ನೂ ಹತ್ತಿದರು. ಮುದ್ದೆಯಿಂದಲೋ, ವಿಶ್ರಾಂತಿಯಿಂದಲೋ, ಆಣೆಯಿಟ್ಟು ಹೇಳಲಾರೆ. ಕೆಲಸ ಮುಗಿಸಿ ಊರಿಗೆ ಹೊರಟ ದಿನ ನನ್ನನ್ನೂ ಪಕ್ಕದಲ್ಲಿ ಊಟಕ್ಕೆ ಕೂರಿಸಿಕೊಂಡರು. ಅವರದು ಬರೀ ಮುದ್ದೆ. ನನ್ನದನ್ನು ಮುರಿದರೆ ಒಳಗಿಂದ ಬೆಣ್ಣೆ ಕರಗಿ ಹರಿಯಿತು.

ತಲೆಯೆತ್ತಿ ನೋಡಿದೆ. “ಉಣ್ಣಿ, ಉಣ್ಣಿ,” ಎಂದಳು ಕೆಂಪಮ್ಮ. “ನೀವ್ ಎದೆ ಇಡ್ಕಂಡಿದ್ದು ಬರೀ ಆಟ ಕಣಪ್ಪ!”

ಪಥ್ಯವನ್ನು ಉಣ್ಣುವವರಿಗಿಂತ ಮೊದಲು ಬಡಿಸುವವರಿಗೆ ಒಪ್ಪಿಸಬೇಕು. ಅವರು ಮನಸ್ಸು ಮಾಡಿದರೆ ದೊರೆಯೂ ಬರೀ ಮುದ್ದೆ ಉಣ್ಣುತ್ತಾನೆ, ಡಾಕ್ಟರೂ ಬೆಣ್ಣೆ ನುಂಗುತ್ತಾನೆ. ನಾನಂತೂ ಅಗಿಯದೆ ನುಂಗಿದೆ.