ಹೂರಾದಲ್ಲಿ ನಾನು ಹೇಳಿದ ಎರಡು ಸುಳ್ಳು

ಕೊಲ್ಲಿ ದೇಶವೊಂದರ ಹೂರಾ ಎಂಬ ಬಡಾವಣೆಯಲ್ಲಿ, ತಂಗಿಯ ಫ್ಲ್ಯಾಟಿನ ಕೆಳಗೆ ಖಾನ್ ಎಂಬ ಅಫ್ಘಾನಿಯ ರೊಟ್ಟಿ ಅಂಗಡಿಯಿದೆ. ಒಂದು ಸಂಜೆ ಅಲ್ಲಿ ರೊಟ್ಟಿಗೆ ಕಾಯುತ್ತಿದ್ದಾಗ ಒಬ್ಬ ಅಮೆರಿಕನ್ ಸೈನಿಕ ಪರಿಚಯವಾದ. ಓಕ್ಲಹೋಮಾದವನು, ಕ್ರೀಕ್ ಎಂಬ ಮೂಲನಿವಾಸಿ ಜನಾಂಗದವನು. ಹಿಂದಿನ ವರ್ಷ ಅಫ್ಘಾನಿಸ್ತಾನದಲ್ಲಿದ್ದನಂತೆ. ಖಾನನಿಗೆ ಇಂಗ್ಲಿಷ್ ಬಾರದು, ಹಿಂದಿ ಬರುತ್ತದೆ. ಹಾಗಾಗಿ ಇಬ್ಬರ ನಡುವೆ ನಾನು ದುಭಾಷಿಯಾದೆ.

"ಅವರೂರಲ್ಲಿ ಆಸ್ಪತ್ರೆ ಇದೆಯಾ, ಕೇಳಿ ಸಾಬ್," ಎಂದ ಖಾನ್.

"ಇದೆ, ಶಾಲೆಯೂ ಇದೆ. ನಮ್ಮ ಜಮೀನು ಮುತ್ತಜ್ಜನ ಕಾಲಕ್ಕೇ ಬಿಳಿಯರ ಪಾಲಾಯಿತು. ಕೆಲಸ ಸಿಗಲಿಲ್ಲ, ಸೈನ್ಯಕ್ಕೆ ಸೇರಿದೆ," ಎಂದ ಸೈನಿಕ.

ಖಾನ್ ತಂದೂರಿನಿಂದ ರೊಟ್ಟಿ ತೆಗೆಯುತ್ತಲೇ ಹೇಳಿದ: "ನಮ್ಮೂರಲ್ಲಿ ಆಸ್ಪತ್ರೆ ಇಲ್ಲ. ಹೆರಿಗೆಗೆ ಪೇಟೆಗೆ ಹೊರಟ ನನ್ನ ಹೆಂಡತಿ ದಾರಿಯಲ್ಲೇ ಸತ್ತಳು. ಅಮೆರಿಕದ ಸೈನಿಕರು ರಸ್ತೆ ಮುಚ್ಚಿದ್ದರು. ತನ್ನೂರಲ್ಲಿ ಕೆಲಸವಿಲ್ಲ ಅಂತ ನಮ್ಮೂರಿಗೆ ಬಂದೂಕು ತಂದನಾ, ಕೇಳಿ."

"ಏನಂದ?" ಎಂದ ಸೈನಿಕ.

"ರೊಟ್ಟಿ ಬಿಸಿ ಇರುವಾಗಲೇ ತಿನ್ನಬೇಕಂತೆ," ಎಂದೆ.

ಅವನು ನಕ್ಕು, ಎದೆಯ ಮೇಲೆ ಕೈಯಿಟ್ಟು ಖಾನನಿಗೆ ವಂದಿಸಿ ಹೊರಟ.

"ಏನು ಉತ್ತರ ಕೊಟ್ಟ?" ಖಾನ್ ಕೇಳಿದ.

"ಕ್ಷಮೆ ಕೇಳಿದ," ಎಂದುಬಿಟ್ಟೆ.

ಖಾನ್ ತಂದೂರಿನಿಂದ ಇನ್ನೊಂದು ಬಿಸಿ ರೊಟ್ಟಿ ತೆಗೆದ. ಅದನ್ನು ಕಾಗದದಲ್ಲಿ ಸುತ್ತಿಕೊಂಡು ಸೈನಿಕನ ಹಿಂದೆ ಬೀದಿಗೆ ಓಡಿದ.