ಹೊರಬದಿಯ ಹುಲ್ಲು

ಆ ಕುದುರೆ ಗೆಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಕೊನೆಗೆ ಬರುತ್ತದೆ ಎಂದು ದೇವರಾಜನಿಗೆ ಹೇಳಿದೆ. ಅವನು ನಂಬಿದ. ಕುದುರೆ ಸತ್ತಿತು. ತಪ್ಪು ತನ್ನದೇ ಎಂದು ಅವನು ಇವತ್ತಿಗೂ ತಿಳಿದಿದ್ದಾನೆ — ಹಾಗೇ ತಿಳಿದುಕೊಂಡಿರಲಿ ಎಂದು ನಾನು ಇಷ್ಟು ವರ್ಷ ಸುಮ್ಮನಿದ್ದೇನೆ.

ನಾನು ಚಿಕ್ಕಮಗಳೂರಿನ ಕಾಫಿ ವ್ಯಾಪಾರಿ. ಸೈಕಲ್ಲಿನ ಹಿಂದೆ ಸ್ಯಾಂಪಲ್ ಚೀಲ ಕಟ್ಟಿಕೊಂಡು ತೋಟ ತೋಟ ಅಲೆದು ಮೇಲೆ ಬಂದವನು; ಈಗ ಸ್ವಂತ ಗೋಡೌನ್ ಇದೆ. ನಮ್ಮ ಕಸುಬಿನ ಮೊದಲ ಪಾಠ ಹೇಳುತ್ತೇನೆ, ಕೇಳಿ, ನಿಮಗೂ ಎಲ್ಲಾದರೂ ಉಪಯೋಗಕ್ಕೆ ಬಂದೀತು: ಬೇಕಾದ ಮಾಲನ್ನು ಎಂದೂ ಹೊಗಳಬೇಡಿ. ಬೀಜವನ್ನು ಹಲ್ಲಿಗಿಟ್ಟು ಕಚ್ಚಿ, ಮುಖ ಹುಳ್ಳಗೆ ಮಾಡಿ, ಇನ್ನೂ ಒಣಗಿಲ್ಲವಲ್ಲ ಎನ್ನಿ. ಎದ್ದು ಚಪ್ಪಲಿ ಮೆಟ್ಟಿಕೊಳ್ಳಿ. ನೀವು ಅಂಗಳ ದಾಟುವಷ್ಟರಲ್ಲಿ ದರ ಇಳಿದಿರುತ್ತದೆ. ಇದೇ ಪಾಠವನ್ನು ನಾನು — ಇರಲಿ, ಅಲ್ಲಿಗೆ ಬರುತ್ತೇನೆ.

ನನಗಿದ್ದ ಇನ್ನೊಂದು ಗೀಳು ರೇಸು. ಮಳೆಗಾಲದಲ್ಲಿ ಮೈಸೂರಿಗೆ ಹೋಗುವಾಗ ಮಲ್ಲಂದೂರಿನ ದೇವರಾಜ ಜೊತೆಗೆ ಬರುತ್ತಿದ್ದ. ಸಣ್ಣ ತೋಟದವನು, ನನಗೆ ಕಾಫಿ ಕೊಡುತ್ತಿದ್ದವನು, ಸ್ನೇಹಿತ. ಅವನಿಗೆ ಬಾಜಿ ಬೇಕಿರಲಿಲ್ಲ, ಕುದುರೆ ನೋಡಿದರೆ ಸಾಕು. ಅವನ ಅಪ್ಪ ಒಂದು ಹೆಣ್ಣುಕುದುರೆ ಸಾಕಿ ಅದರ ಮೇಲೆಯೇ ತೋಟ ಸುತ್ತುತ್ತಿದ್ದರಂತೆ. ಅಂಥದೊಂದು ತನಗೂ ಬೇಕೆಂಬುದು ಅವನ ಬಹಳ ದಿನದ ಆಸೆ. ಕುದುರೆ ಎಲ್ಲಿದೆಯೋ ಗೊತ್ತಿಲ್ಲದೆ, ಸಿಲ್ವರ್ ಓಕ್ ಹಲಗೆ ಹೊಡೆದು ಮನೆಯ ಪಕ್ಕ ಲಾಯ ಕಟ್ಟಿಬಿಟ್ಟಿದ್ದ. ಅವನ ಹೆಂಡತಿ ಸುಮಿತ್ರಮ್ಮ ನನ್ನೆದುರೇ ಹಂಗಿಸುತ್ತಿದ್ದರು: “ಕುದ್ರೆ ಬರದಿದ್ರೆ ನೀವೇ ಹೋಗಿ ಮಲ್ಕೊಳ್ಳಿ ಅಲ್ಲಿ. ಹುಲ್ಲು ನಾನು ಹಾಕ್ತೀನಿ.”

ಆ ವರ್ಷ ಕುದುರೆ ಸಿಕ್ಕಿತು. ರೇಸಿನಲ್ಲಿ ಕಾಪರ್ ಲೀಫ್ ಎಂದು ಹೆಸರಿದ್ದ, ಕೆಂಪು ಮೈಯ ಹೆಣ್ಣುಕುದುರೆ. ವಯಸ್ಸಾಗುತ್ತಿತ್ತು, ಯಜಮಾನ ಮಾರುವವನಿದ್ದ. ಓಟದ ಹಿಂದಿನ ದಿನ ಮೈಸೂರಿನ ರೇಸು ಲಾಯಕ್ಕೆ ಹೋಗಿ ನೋಡಿದೆವು. ದೇವರಾಜ ನಿಂತಲ್ಲೇ ಅವಳಿಗೆ ಕೆಂಚಿ ಎಂದು ಹೆಸರಿಟ್ಟ. ಬಲಗಡೆಯ ಮುಂಗಾಲನ್ನು ಮೇಲಿಂದ ಕೆಳಗೆ ಸವರಿದ. ಇನ್ನೊಮ್ಮೆ ಸವರಿದ.

“ಇಲ್ಲಿ ಬಿಸಿ ಇದೆ ಕಣೋ. ಇವಳನ್ನ ನಾಳೆ ಓಡಿಸಬಾರ್ದು.”

ಯಜಮಾನ ಒಪ್ಪುವ ಮನುಷ್ಯನೇ. ದರ ಕುದುರಿದರೆ ನೀವು ಈಗಲೇ ಕರೆದುಕೊಂಡು ಹೋಗಬಹುದು, ಕಾಲುನೋವೆಂದು ಹೇಳಿ ನಾಳೆಯ ಓಟದಿಂದ ತೆಗೆಸುತ್ತೇನೆ ಎಂದ. ಅವನು ಹೇಳಿದ ದರಕ್ಕೆ ದೇವರಾಜ ಆಗಲೇ ಒಪ್ಪಿ ತಲೆಯಾಡಿಸಿದ್ದ. ನಾನು ಅವನ ರಟ್ಟೆ ಹಿಡಿದು ಹೊರಗೆ ಕರೆತಂದೆ.

ಏಕೆಂದರೆ — ನನ್ನ ಲೆಕ್ಕ ಮುಗಿದಿತ್ತು. ಹುಲ್ಲಿನ ಮೇಲೆ ಸಾವಿರದ ಇನ್ನೂರು ಮೀಟರ್, ಚಿಕ್ಕ ಓಟ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯುವಂಥದು. ಓಟದ ನಿಯಮದಂತೆ ಕೆಂಚಿಯ ಬೆನ್ನಿಗೆ ಹೊರಿಸಿದ್ದ ಭಾರ ಉಳಿದವಕ್ಕಿಂತ ಕಡಿಮೆ. ಓಟ ಶುರುವಾಗುವ ಗೇಟಿನಿಂದ ಬಾಣದಂತೆ ಹೊರಡುವವಳು. ಅವಳಿಗೆ ಸಿಕ್ಕಿದ್ದು ತೀರ ಹೊರಗಿನ ಗೇಟು. ತಿರುವಿನಲ್ಲಿ ಸುತ್ತು ಜಾಸ್ತಿಯಾಗುತ್ತದೆಂದು ಎಲ್ಲರೂ ಅವಳನ್ನು ಕೈಬಿಟ್ಟಿದ್ದರು. ಆದರೆ ವಾರವೆಲ್ಲ ಮಳೆ. ಒಳಬೇಲಿಯ ಪಕ್ಕದ ಹುಲ್ಲು ತುಳಿಸಿಕೊಂಡು ಕೆಸರಾಗಿತ್ತು. ಹೊರಬದಿಯದು ಗಟ್ಟಿಯಾಗಿತ್ತು, ಹೊಸದಾಗಿತ್ತು. ಇನ್ನೂ ಒಂದಿತ್ತು. ಹಿಂದಿನ ಓಟಗಳಲ್ಲೆಲ್ಲ ಕೊನೆಯ ಹಂತಕ್ಕೆ ಅವಳು ಎಡಕ್ಕೆ, ಹೊರಗೆ ಹೊರಗೆ ಸರಿಯುತ್ತಿದ್ದಳು. ಉಳಿದವರು ಅದನ್ನು ದೋಷವೆಂದರು. ನಾನು ಲಾಭಕ್ಕೆ ಹಾಕಿಕೊಂಡೆ — ಸರಿಯಲಿ, ಒಳ್ಳೆಯ ಹುಲ್ಲು ಇರುವುದೇ ಅಲ್ಲಿ.

ನನ್ನ ಬಾಜಿಯ ಏರ್ಪಾಡು ಆಗಿತ್ತು. ಹಣದಾಸೆ ಎಂದರೆ ಅರ್ಧ ನಿಜವಾಯಿತು. ಎಲ್ಲರಿಗೂ ಕಾಣದ್ದು ನನಗೊಬ್ಬನಿಗೇ ಕಂಡಿದೆಯಲ್ಲ, ಅದು ಕಣ್ಣೆದುರು ನಿಜವಾಗುವುದನ್ನು ನೋಡಬೇಕಿತ್ತು. ಅವಳು ಓಡಲೇಬೇಕಿತ್ತು.

“ಇವತ್ತು ಬೇಡ ಮಾರಾಯ,” ಎಂದೆ. “ನಾಳೆ ಕೊನೆಗೆ ಬರ್ತಾಳೆ. ಸೋತ ಕುದ್ರೆ ಅರ್ಧ ರೇಟಿಗೆ ಸಿಗ್ತದೆ.”

“ಕಾಲು?”

“ಎಂತ ಕಾಲು! ಅಲ್ಲಿ ಡಾಕ್ಟ್ರು ನೋಡೇ ಓಡಕ್ಕೆ ಬಿಡೋದು. ಯಾಪಾರ ನಿಂಗೆ ಗೊತ್ತಾ, ನಂಗೆ ಗೊತ್ತಾ?”

ಅವನು ಒಮ್ಮೆ ಹಿಂದಿರುಗಿ ಲಾಯದ ಕಡೆ ನೋಡಿದ. “ಯಾಪಾರ ನಿಂಗೇ ಗೊತ್ತು ಬಿಡು,” ಎಂದ.

ಮರುದಿನ ಎಲ್ಲವೂ ನನ್ನ ಲೆಕ್ಕದ ಪ್ರಕಾರವೇ ನಡೆಯಿತು. ತಿರುವು ಮುಗಿದ ಮೇಲೆ ಒಳಗಿನ ಕುದುರೆಗಳು ಕೆಸರಿನಲ್ಲಿ ಏದುಸಿರು ಬಿಟ್ಟವು. ಕೆಂಚಿ ಒಬ್ಬಳೇ ಹೊರಬದಿಗೆ ಸರಿದಳು, ಗಟ್ಟಿ ಹುಲ್ಲಿನ ಮೇಲೆ ಹಾರಿ ಬಂದಳು, ಕುತ್ತಿಗೆಯಷ್ಟು ಮುಂದಾಗಿ ಗೆದ್ದಳು. ನಾನು ಕೂಗುತ್ತಿದ್ದೆ. ಕೂಗು ಗಂಟಲಲ್ಲಿರುವಾಗಲೇ ಅವಳು ಗುರಿಗಂಬದಾಚೆ ಬಲಗಡೆಗೆ ಕುಸಿದಳು. ಜಾಕಿ ಎದ್ದ. ಅವಳು ಏಳಲು ನೋಡಿದಳು — ಆ ಕಾಲು ಜೋತಾಡುತ್ತಿತ್ತು. ಹಸಿರು ಪರದೆ ಹಿಡಿದು ಜನ ಓಡಿದರು. ಕಾಲು ಮುರಿದ ಕುದುರೆಯನ್ನು ಪರದೆಯ ಹಿಂದೆ ಏನು ಮಾಡುತ್ತಾರೆಂದು ರೇಸು ನೋಡುವವರಿಗೆಲ್ಲ ಗೊತ್ತು. ದೇವರಾಜ ಬೇಲಿಯ ತನಕ ಓಡಿ, ಅದನ್ನು ಹಿಡಿದುಕೊಂಡು ನಿಂತುಬಿಟ್ಟ. ನನ್ನ ಜೇಬಿನಲ್ಲಿ, ಅವನಿಗೆ ಗೊತ್ತಿಲ್ಲದೆ, ಗೆದ್ದ ಚೀಟಿ ಇತ್ತು.

ವಾಪಸು ಬರುವಾಗ ಬೇಲೂರು ದಾಟಿದ ಮೇಲೆ ಅವನು ಬಾಯಿ ಬಿಟ್ಟ. “ಅರ್ಧ ರೇಟಿನ ಆಸೆಗೆ ಬಿದ್ದೆ ನೋಡು. ಕೈಗೆ ಬಿಸಿ ತಾಗಿತ್ತು. ನಿನ್ನೆನೇ ದುಡ್ಡು ಕೊಟ್ಟು ಕರ್ಕೊಂಡಿದ್ರೆ ಈಗ ನಮ್ಮನೇಲಿ ಹುಲ್ಲು ತಿಂತಿರ್ತಿದ್ಲು.”

ಹೇಳಬೇಕಿದ್ದ ಜಾಗ ಅದೇ. ಜೀಪಿನಲ್ಲಿ ನಾವಿಬ್ಬರೇ ಇದ್ದೆವು. ನಾನು, “ಅವಳ ಗ್ರಹಚಾರ, ಬಿಡು ಮಾರಾಯ,” ಎಂದೆ.

ಓಟ ಮುಗಿದ ಮೇಲೆ ಅದನ್ನು ಮತ್ತೆ ಹಾಕಿ ನೋಡಿ, ಎಲ್ಲಿ ಎಡವಿದೆ ಎಂದು ತೂಗುವುದು ನನ್ನ ಪದ್ಧತಿ. ನಿಮಗೂ ಅದನ್ನೇ ಹೇಳುತ್ತೇನೆ — ಸೋತ ಓಟಕ್ಕಿಂತ ಗೆದ್ದದ್ದನ್ನು ಹೆಚ್ಚು ನೋಡಿ ಎಂದು. ಈ ಓಟವನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದೆನೋ. ನಿಧಾನ ಮಾಡಿ ನೋಡಿದರೆ ಕಾಣುತ್ತದೆ: ಬಲಗಾಲು ನೆಲಕ್ಕೆ ತಾಗಿದಾಗಲೆಲ್ಲ ಅವಳ ತಲೆ ಮೇಲೆ ಹಾರುತ್ತದೆ. ಹೊರಗೆ ಸರಿಯುತ್ತಿದ್ದುದು ಹುಲ್ಲಿಗಾಗಿ ಅಲ್ಲ. ಆ ಕಾಲಿನ ಮೇಲೆ ಭಾರ ಬೀಳದಿರಲೆಂದು ಎಡಕ್ಕೆ ವಾಲುತ್ತಿದ್ದಳು. ಹಿಂದಿನ ಓಟಗಳನ್ನೂ ತೆಗೆದು ನೋಡಿದೆ. ಅಲ್ಲೂ ಹಾಗೆಯೇ. ನಾನು ಲಾಭಕ್ಕೆ ಹಾಕಿಕೊಂಡಿದ್ದು ಅವಳ ನೋವನ್ನು. ಆಗ ತಿಳಿದಿರಲಿಲ್ಲ ಎನ್ನೋಣವೆಂದರೆ, ಹಿಂದಿನ ದಿನವೇ ದೇವರಾಜ ಬಿಸಿ ಇದೆ ಎಂದಿದ್ದ. ಅವನ ಕೈ ಸುಳ್ಳು ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು.

ಇಷ್ಟೇ ಆಗಿದ್ದರೆ ಬಹುಶಃ ಬರೆಯುತ್ತಿರಲಿಲ್ಲ. ಆ ಸಲದ ಕೊಯ್ಲು ಮುಗಿದ ಮೇಲೆ ಮಲ್ಲಂದೂರಿಗೆ ಹೋದೆ. ಕುದುರೆಗೆಂದು ಕಟ್ಟಿದ ಲಾಯದಲ್ಲಿ ದೇವರಾಜ ಕಾಫಿ ಮೂಟೆ ಜೋಡಿಸಿದ್ದ. ಅಭ್ಯಾಸಬಲದಿಂದ ಬೀಜ ಕಚ್ಚಿ, ಮುಖ ಹುಳ್ಳಗೆ ಮಾಡಿ, ಕೆಳಗಿನ ದರವೊಂದನ್ನು ಹೇಳಿ ಕಾದೆ. ಮೊದಲೆಲ್ಲ ಅವನು ಬೈದು, ಚೀಲ ಕಸಿದುಕೊಂಡು, ಮೂಡಿಗೆರೆಯವರಿಗೆ ಕೊಡುತ್ತೇನೆಂದು ಹೆದರಿಸುತ್ತಿದ್ದ. ಈಗ ತಲೆ ಎತ್ತಲಿಲ್ಲ.

“ನೀ ಹೇಳಿದ್ದೇ ರೇಟು. ಚೌಕಾಸಿ ಮಾಡಿ ಒಂದು ಜೀವ ತೆಗ್ದಿದ್ದು ಸಾಕು ನಂಗೆ.”

ನಾನು ಆ ದರಕ್ಕೇ ತುಂಬಿಸಿಕೊಂಡು ಬಂದೆ. ಮರುವರ್ಷವೂ. ಆಮೇಲೂ. ಚೌಕಾಸಿ ಬಿಟ್ಟ ಮನುಷ್ಯ ವ್ಯಾಪಾರಿಗೆ ಎಷ್ಟು ಸಲೀಸೋ, ಅದನ್ನು ಬಿಡಿಸಿ ಹೇಳಬೇಕೆ? ಕಾಫಿಯ ದರ ಏರಿ ಸುತ್ತಲಿನವರೆಲ್ಲ ಮನೆಗೆ ಹೊಸ ಹಂಚು ಹೊದಿಸಿದರು. ಅವನ ಮನೆ ಹಾಗೆಯೇ ಇದೆ. ಕಳೆದ ವಾರ ಹೋದಾಗ ಸುಮಿತ್ರಮ್ಮ ಕಾಫಿ ತಂದಿಟ್ಟು ಹೇಳಿದರು: “ನೀವಿದೀರಲ್ಲ ಅಂತ ಇವ್ರಿಗೆ ಧೈರ್ಯ. ಬೇರೆಯವ್ರಾಗಿದ್ರೆ ಇವ್ರನ್ನ ಮುಳುಗಿಸ್ಬಿಡ್ತಿದ್ರು.”

ಆ ಕಾಫಿಯನ್ನೂ ಕುಡಿದು ಬಂದೆ.

ಇದು ಅಚ್ಚಾಗುವ ಮೊದಲು ಮಲ್ಲಂದೂರಿಗೆ ಹೋಗಬೇಕು. ಅವನು ಇದನ್ನು ಬೇರೆಯವರ ಬಾಯಲ್ಲಿ ಕೇಳಬಾರದು. ಸ್ಯಾಂಪಲ್ ಚೀಲ ಒಯ್ಯುವುದಿಲ್ಲ. ಅವಳು ಗೆಲ್ಲುತ್ತಾಳೆಂದು ಗೊತ್ತಿದ್ದೇ ನಿನ್ನನ್ನು ತಡೆದೆ, ಕಾಲಿನ ಬಿಸಿಯನ್ನು ನಂಬಿಯೂ ತಡೆದೆ, ನೀನು ದರಕ್ಕೆ ಒಪ್ಪಿದ್ದೆ, ಅಡ್ಡ ಬಂದದ್ದು ನಾನು — ಅಂಗಳದಲ್ಲೇ ನಿಂತು ಇಷ್ಟನ್ನು ಹೇಳುತ್ತೇನೆ. ಹೇಳಿದರೆ ಕೆಂಚಿ ಬರುವುದಿಲ್ಲ. ಅವನು ತನ್ನನ್ನೇ ಹಳಿದುಕೊಂಡ ವರ್ಷಗಳೂ ಬರುವುದಿಲ್ಲ. ನನ್ನ ಮುಖ ನೋಡುವುದಿಲ್ಲ ಎನ್ನಬಹುದು, ಗೇಟಿನಾಚೆ ನಡೆ ಎನ್ನಬಹುದು. ಚೌಕಾಸಿ ಮಾಡಿ ಒಂದು ಮಾತನ್ನೂ ಇಳಿಸಿಕೊಳ್ಳಲು ನೋಡದೆ, ಅವನು ಹೇಳಿದ್ದಕ್ಕೆ ಒಪ್ಪಿ ಬರುತ್ತೇನೆ.