ನಮ್ಮಲ್ಲಿ ಹಾಗಿಲ್ಲ

ಕಾಶಿಬಾಯಿ, ಫಾರ್ಮುಗಳ ಹಿಂಬದಿಯಲ್ಲಿ ನೀವು ಬರೆದದ್ದನ್ನು ಮುಚ್ಚಿಟ್ಟವಳು ನಾನು. ಅದೊಂದು ತಪ್ಪು. ಆಮೇಲೆ ಅದರ ಹೊಣೆಯನ್ನು ನಿಮ್ಮ ಓಣಿಯ ಹೆಂಗಸರ ಮುಂದೆ ನಿಮ್ಮ ತಲೆಗೆ ಕಟ್ಟಿದೆನಲ್ಲ — ಅದನ್ನು ತಪ್ಪು ಎನ್ನಲೂ ನಾಲಿಗೆ ಹೊರಳುವುದಿಲ್ಲ. ಅದು ನೀಚತನ. ನಾಲ್ಕು ವರ್ಷ ಇದನ್ನು ನುಂಗಿಕೊಂಡು ಡೊಂಬಿವಲಿಯಿಂದ ಖಾರಘರಕ್ಕೆ ಓಡಾಡಿದ್ದೇನೆ. ಠಾಣೆ ಜಂಕ್ಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ, ತುರ್ಭೆ ಸ್ಟೇಷನ್ ಬಂದಾಗಲೆಲ್ಲ ಮೊಬೈಲಿನಲ್ಲಿ ಮುಖ ಹುದುಗಿಸಿ ಕುಳಿತಿದ್ದೇನೆ.

ಇದು ನಿಮಗೆ ಬರೆದದ್ದು, ಆದರೆ ಬೇರೆಯವರೂ ಓದಬೇಕು. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಐದಾರು ನೆರೆದೇಶಗಳ ಸಂಶೋಧಕರು ಸೇರಿ ಮಾಡುತ್ತಿದ್ದ ಅಧ್ಯಯನ ನಮ್ಮದು. ಲಾರಿಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಎಷ್ಟು ಧಾನ್ಯ ಹಾಳಾಗುತ್ತದೆ ಎಂದು ಎಲ್ಲ ದೇಶಗಳಲ್ಲೂ ಒಂದೇ ಫಾರ್ಮಿನಲ್ಲಿ ಬರೆದುಕೊಳ್ಳುವುದು, ಆ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು, ಸರ್ಕಾರಗಳಿಗೂ ವ್ಯಾಪಾರಿಗಳಿಗೂ ಸಲಹೆ ಕೊಡುವುದು. ಒಳ್ಳೆಯ ಕೆಲಸವೇ. ಖಾರಘರದ ಎಂಟನೇ ಮಹಡಿಯ ಕಚೇರಿಯಲ್ಲಿ ನಮ್ಮ ಭಾಗಕ್ಕೆ ನಾನು ಮುಖ್ಯಸ್ಥೆ. ನೀವು ವಿಜಯಪುರದ ಕಡೆಯವರು, ಇರುವುದು ತುರ್ಭೆಯ ಗುಡಿಸಲು ವಸ್ತಿಯಲ್ಲಿ. ಹತ್ತಿರದ ಒಂದು ಖಾಸಗಿ ಗೋದಾಮಿನ ಅಂಗಳದಲ್ಲಿ ನಿಂತು ಫಾರ್ಮು ತುಂಬಲು ನಾನೇ ನಿಮ್ಮನ್ನು ಆರಿಸಿದೆ. ಧಾರವಾಡದ ನನಗೆ ನಿಮ್ಮ ಮಾತು ಕೇಳಿಯೇ ತವರಿನವರು ಸಿಕ್ಕಂತಾಗಿತ್ತು.

ಫಾರ್ಮಿನಲ್ಲಿ 'ನೆಲಕ್ಕೆ ಚೆಲ್ಲಿದ್ದು' ಎಂಬ ಸಾಲಿನ ಮುಂದೆ ಗುರುತು ಹಾಕಲು ಒಂದೇ ಚೌಕದ ಮನೆ — ನಷ್ಟ. ನೀವು ಅಲ್ಲಿ ಗುರುತು ಹಾಕಿ, ಹಾಳೆ ತಿರುಗಿಸಿ, ಹಿಂದೆ ಪೆನ್ಸಿಲಿನಲ್ಲಿ ಬರೆದಿರಿ. ಲಾರಿ ಖಾಲಿಯಾದ ಮೇಲೆ ಯಾವ ಹೆಂಗಸರು ಬಂದು ಗುಡಿಸುತ್ತಾರೆ, ಹೇಗೆ ಮೊರದಲ್ಲಿ ಕೇರಿ ಕಲ್ಲು ಆರಿಸುತ್ತಾರೆ, ಯಾರು ಮನೆಗೆ ಒಯ್ಯುತ್ತಾರೆ, ಯಾರು ಓಣಿಯಲ್ಲಿ ಮಾರುತ್ತಾರೆ. ಮೊದಲ ಹೆಸರು ನಿಮ್ಮ ಅತ್ತಿಗೆ, ನೀವು ವೈನಿ ಎಂದು ಕರೆಯುವ ಸಿದ್ದವ್ವನದು. ಫಾರ್ಮುಗಳ ಕಟ್ಟು ತಂದುಕೊಟ್ಟಾಗ ನೀವು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಅಕ್ಕಾರ, ಇದನ್ನ ಹಾಳಾತು ಅಂತ ಬರಿಯಾಕ ಬರೂದಿಲ್ರಿ. ನಮ್ಮ ಓಣ್ಯಾಗ ಇದನ್ನ ಉಣ್ತಾರ."

"ನೋಡೂಣ್ರಿ," ಎಂದೆ. ನೋಡಲಿಲ್ಲ.

ಆ ವಾರವೇ ಎಲ್ಲ ದೇಶದವರ ಆನ್‌ಲೈನ್ ಸಭೆ. ನೇಪಾಳದ ಸಹೋದ್ಯೋಗಿ, ಮೆಲುದನಿಯ ಹೆಂಗಸು, ಒಂದು ಪ್ರಶ್ನೆ ಕೇಳಿದಳು. ತಮ್ಮ ಕಡೆ ಚೆಲ್ಲಿದ ಧಾನ್ಯವನ್ನು ಹೆಂಗಸರು ಗುಡಿಸಿ ಒಯ್ಯುತ್ತಾರೆ, ಅದನ್ನು ನಷ್ಟ ಎನ್ನಲು ತನಗೆ ಮನಸ್ಸಿಲ್ಲ, ಬೇರೆ ಯಾರಲ್ಲಾದರೂ ಹೀಗಿದೆಯೇ ಎಂದಳು. ಎರಡು ದೇಶದವರು ಹೌದೆಂದರೆ ಫಾರ್ಮಿಗೆ ಹೊಸ ಮನೆ ಸೇರಿಸಬೇಕೆಂಬುದು ನಾವೇ ಮಾಡಿಕೊಂಡ ನಿಯಮ. ಅವಳ ಜೊತೆ ಇನ್ನೊಂದು ದೇಶ ಸಾಕಿತ್ತು. ನಿಮ್ಮ ಫಾರ್ಮುಗಳ ಕಟ್ಟು ನನ್ನ ಮೊಣಕೈ ಕೆಳಗೇ ಇತ್ತು.

"ನಮ್ಮಲ್ಲಿ ಹಾಗಿಲ್ಲ," ಎಂದೆ.

ಹೇಳಿದ್ದು ಇಂಗ್ಲಿಷಿನಲ್ಲಿ. ಆದರೆ ಆ ಮಾತು ಬಂದದ್ದು ನಮ್ಮ ಮನೆಯ ಪಡಸಾಲೆಯಿಂದ. ಒಳಗೆ ಬರೀ ನುಚ್ಚು ಬೇಯುತ್ತಿದ್ದರೂ ಬೀಗರ ಮುಂದೆ ಅವ್ವ ಇದೇ ಧಾಟಿಯಲ್ಲಿ ನಮ್ಮಲ್ಲಿ ಕೊರತೆಯಿಲ್ಲ ಎನ್ನುತ್ತಿದ್ದಳು. ಅವ್ವ ಹೇಳಿದ್ದು ತನ್ನ ಮನೆಯ ಮರ್ಯಾದೆಗೆ. ನಾನು ಯಾರ ಮರ್ಯಾದೆ ಕಾಪಾಡಲು ಹೊರಟಿದ್ದೆ? ಚಿಕ್ಕ ದೇಶದವಳೊಬ್ಬಳು ತನ್ನ ಊರಿನ ಬಡತನವನ್ನು ನಾಲ್ಕು ಜನರ ಮುಂದೆ ಹೇಳಬಲ್ಲಳು, ನಾನು — ದೊಡ್ಡ ದೇಶದವಳು, ಎಂಟನೇ ಮಹಡಿಯವಳು — ನಮ್ಮ ಹೆಂಗಸರು ನೆಲ ಗುಡಿಸಿ ಉಣ್ಣುತ್ತಾರೆ ಎಂದು ಹೇಳಲು ನಾಚಿದೆ. ಥೂ! ಮತ್ತೆ ಫಾರ್ಮು ತುಂಬಿಸಬೇಕಾಗುತ್ತಿತ್ತು, ಕೆಲಸ ಹೆಚ್ಚುತ್ತಿತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಎರಡು ವಾರದ ಕೆಲಸ ಅದು.

ವರದಿ ಹೊರಬಂತು. ನಿಮ್ಮ ಗೋದಾಮಿನವರು ಅದನ್ನು ಓದಿದರು, ಓದಲಿ ಎಂದೇ ನಾವು ಕಳಿಸಿದ್ದೆವು. ಚೆಲ್ಲುವುದೆಲ್ಲ ನಷ್ಟ ಎಂದಾದ ಮೇಲೆ ಅವರು ಗುಡಿಸುವ ಯಂತ್ರ ತಂದರು, ಗೇಟಿಗೆ ಕಾವಲು ಹಾಕಿದರು. ಹೆಂಗಸರು ಹೊರಗೆ. ಕೇಳಿದವರಿಗೆಲ್ಲ ವಾಚ್‌ಮನ್ ಒಂದೇ ಮಾತು ಹೇಳಿದನಂತೆ: "ಸರ್ವೇ ಮೇ ಲಿಖಾ ಹೈ" — ಸರ್ವೇಯಲ್ಲಿ ಹಾಗೆ ಬರೆದಿದೆ.

ಸರ್ವೇಯಲ್ಲಿ ಹಾಗೆ ಬರೆದವರು ಯಾರೆಂದು ಕೇಳಲು ಆ ಹೆಂಗಸರು ನಮ್ಮನ್ನು ಗೇಟಿನ ಹತ್ತಿರ ಕರೆಸಿದರು. ಹೋದೆ. ನೀವೂ ಬಂದಿದ್ದಿರಿ, ನನ್ನ ಪಕ್ಕದಲ್ಲೇ, ನನ್ನ ಚೀಲ ಹಿಡಿದುಕೊಂಡು. ಸಿದ್ದವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನಷ್ಟ ಅಂತ ಬರದು ನಮ್ಮ ಹೊಟ್ಟಿ ಮ್ಯಾಲೆ ಹೊಡದೋರು ಯಾರು? ಹೆಸರು ಹೇಳ್ರಿ."

ಒಂದು ಕ್ಷಣ ಸಿಕ್ಕಿತ್ತು ನನಗೆ. ನಾನು ಎಂದರೆ ಮುಗಿಯುತ್ತಿತ್ತು. ಬೈಯುತ್ತಿದ್ದರು, ಅಷ್ಟೇ, ನಾನು ಲೋಕಲ್ ಹತ್ತಿ ಡೊಂಬಿವಲಿಗೆ —

"ನಾವು ಆಫೀಸನ್ಯಾಗ ಕೂತು ಏನೂ ಬರಿಯೂದಿಲ್ರಿ," ಎಂದೆ. "ಫಾರ್ಮ್ ತುಂಬಿದವ್ರು ಕಾಶಿಬಾಯಿನ ಅಲ್ಲೇನ್ರಿ?"

ಸಿದ್ದವ್ವ ನಿಮ್ಮ ಕಡೆ ತಿರುಗಿದಳು. ನೀವು ನನ್ನ ಕಡೆ ನೋಡಿದಿರಿ, ಬಹಳ ಹೊತ್ತೇನೂ ಅಲ್ಲ. ಆಮೇಲೆ ಅವಳಿಗೆ ಹೇಳಿದಿರಿ: "ಹೌದ್ ವೈನಿ, ನಾನ ತುಂಬೇನಿ."

ಯಾಕೆ ಹಾಗೆ ಹೇಳಿದಿರಿ? ಹಾಳೆಯ ಹಿಂದೆ ಬರೆದದ್ದನ್ನು ಯಾಕೆ ಹೇಳಲಿಲ್ಲ? ನಿಮ್ಮ ಮೇಲೂ ಸಿಟ್ಟು ಬಂದದ್ದಿದೆ ನನಗೆ — ನೋಡಿ, ಎಂಥ ಹೆಂಗಸು ನಾನು! ನನ್ನ ಮಾತನ್ನು ನಾನೇ ಸರಿಪಡಿಸುತ್ತೇನೆಂದು ಕಾದಿರೋ ಏನೋ. ನಾನು ನಿಮ್ಮ ಕೈಯಿಂದ ಚೀಲ ಇಸಿದುಕೊಂಡು ಹೊರಟೆ. ಸ್ವಂತ ಅತ್ತಿಗೆ ನಿಮ್ಮೊಡನೆ ಮಾತು ಬಿಟ್ಟಳು, ನಳದ ಹತ್ತಿರ ನಿಮ್ಮ ಕೊಡ ಸರಿಸಿದರು, ನೀವು ಮನೆ ಖಾಲಿ ಮಾಡಿ ಕಲ್ಯಾಣ ಸ್ಟೇಷನ್ ಕಡೆಗೆ ಹೋದಿರಿ ಎಂಬ ಸುದ್ದಿಯೆಲ್ಲ ನನಗೆ ಬಂತು. ಆ ಹೊತ್ತಿಗೆ ನಾನು ಆ ವರದಿಯ ಬಗ್ಗೆ ಭಾಷಣ ಮಾಡುತ್ತಿದ್ದೆ. ಚಪ್ಪಾಳೆ ತಟ್ಟಿಸಿಕೊಂಡೆ.

ಈಗ ಎರಡನೇ ಸುತ್ತಿನ ಅಧ್ಯಯನ ಶುರುವಾಗಿದೆ. ನೇಪಾಳದವಳು ತನ್ನ ದೇಶದ ಟಿಪ್ಪಣಿ ಕಳಿಸಿದ್ದಾಳೆ. ಫಾರ್ಮಿನಲ್ಲಿ ಜಾಗ ಸಿಗದಿದ್ದುದನ್ನು ಅವಳು ಬೇರೆಯಾಗಿ ಬರೆದು, ಪಟ್ಟು ಹಿಡಿದು, ಒಂದು ಅಂಗಳದಲ್ಲಿ ಯಂತ್ರಕ್ಕಿಂತ ಮೊದಲು ಹೆಂಗಸರು ಗುಡಿಸುವ ಏರ್ಪಾಡು ಮಾಡಿಸಿದ್ದಾಳೆ. ಒಬ್ಬಳೇ. ಓದಿ ಮುಗಿಸಿದ ಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ನಿಮ್ಮ ಹಳೆಯ ಫಾರ್ಮುಗಳನ್ನು ಬೀರುವಿನಿಂದ ತೆಗೆದು, ಹಿಂಬದಿಗಳನ್ನೆಲ್ಲ ಸ್ಕ್ಯಾನ್ ಮಾಡಿ, ಅಂದು ಸಭೆಯಲ್ಲಿ ನಾನು ಸುಳ್ಳು ಹೇಳಿದೆ ಎಂದು ಬರೆದು ಎಲ್ಲ ದೇಶದವರಿಗೂ ಕಳಿಸಿದ್ದೇನೆ. ಕೆಲಸ ಹೋಗಬಹುದು. ಹೋಗಲಿ.

ಆಮೇಲೆ ನಿಮಗೆ ಫೋನ್ ಮಾಡಿದೆ. ನೀವು ಪೂರ್ತಿ ಕೇಳಿಸಿಕೊಂಡಿರಿ.

"ನನ್ನ ಮುಂದ ಹೇಳಿ ಏನ್ ಮಾಡ್ತೀರಿ ಅಕ್ಕಾರ? ನನಗ ಗೊತ್ತಿದ್ದದ್ದ ಐತಿ. ಓಣ್ಯಾಗ ಹೋಗಿ ಹೇಳ್ರಿ."

ಹೇಳುತ್ತೇನೆ, ಈ ಭಾನುವಾರವೇ ಹೋಗುತ್ತೇನೆ, ಮೊದಲು ಸಿದ್ದವ್ವನ ಮನೆಗೆ ಹೋಗುತ್ತೇನೆ ಎಂದೆ.

"ವೈನಿ ಹೋಗಿಬಿಟ್ಲ್ರಿ, ಹೋದ ದೀಪಾವಳಿಗೆ," ಎಂದಿರಿ. "ಮಣ್ಣ ಕೊಡಾಕೂ ನನ್ನ ಕರೀಲಿಲ್ಲ."

ಭಾನುವಾರ ತುರ್ಭೆಯಲ್ಲಿ ಇಳಿಯುತ್ತೇನೆ, ಕಾಶಿಬಾಯಿ. ಉಳಿದವರನ್ನು ಸೇರಿಸಿ ಇದನ್ನೇ ಗಟ್ಟಿಯಾಗಿ ಓದುತ್ತೇನೆ, ಬೈದರೆ ನಿಂತು ಬೈಸಿಕೊಳ್ಳುತ್ತೇನೆ. ಆದರೆ ಸಿದ್ದವ್ವ ನಿಮ್ಮನ್ನು ದ್ರೋಹಿ ಎಂದು ನಂಬಿಕೊಂಡೇ ಸತ್ತಳು, ಹಾಗೆ ನಂಬಿಸಿದವಳು ನಾನು, ಮತ್ತು ಆಕೆಗೆ ಈ ಮಾತು ಇನ್ನು ಯಾರೂ ಹೇಳಲಾರರು.